ನಿಮಗಿದು ಗೊತ್ತೇ? ಅಂಗಳದ ಕ್ಯಾಮೆರಾದ ಕೀಲಿ ಯಾರ ಕೈಯಲ್ಲಿದೆ?

ಕೇರಳ-ಕರ್ನಾಟಕದ ಗಡಿಯೂರು ದೇಲಂಪಾಡಿಯ ಕಡೆಯ ಅಡಿಕೆ ತೋಟಗಳಿಗೂ ಈಗ ಇಂಟರ್ನೆಟ್ ಇಳಿದಿದೆ. ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಕ್ಯಾಮೆರಾದ ಕಾವಲು, ಕೆರೆ ಬದಿಯ ಪಂಪಿಗೆ ಮೊಬೈಲ್ ಸ್ಟಾರ್ಟರ್. ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಮಗ ಅಲ್ಲಿಂದಲೇ ಮನೆಯಂಗಳ ನೋಡುತ್ತಾನೆ.

ಮನೆಯ ಕ್ಯಾಮೆರಾವನ್ನೂ ಮಗನ ಫೋನನ್ನೂ ಜೋಡಿಸಿಕೊಡುವುದು ಸಾಮಾನ್ಯವಾಗಿ ಕಂಪನಿಯ ಸರ್ವರ್. ಅದು ಎಡವಿದರೆ? 2024ರ ಫೆಬ್ರವರಿಯಲ್ಲಿ ಅಮೆರಿಕದ ವೈಜ್ ಕಂಪನಿಯ ಸೇವೆ ಕೆಲಹೊತ್ತು ನಿಂತು ಮತ್ತೆ ಶುರುವಾದಾಗ, ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಂಡವು. ಯಾರೂ ಕನ್ನ ಹಾಕಿರಲಿಲ್ಲ. ಹೊರಗಿನ ಗೇಟಿಗೆ ಕ್ಯಾಮೆರಾ ಇರಲಿ, ಮಲಗುವ ಕೋಣೆಗೆ ಖಂಡಿತ ಬೇಡ.

2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗದೆ ಹೋದವು. ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆದಿತ್ತು. ಮುಗಿಬಿದ್ದದ್ದು ಯಾವ ಸೈನ್ಯವೂ ಅಲ್ಲ, ಜನರ ಮನೆಯ ಕ್ಯಾಮೆರಾ, ಡಿವಿಆರ್, ರೌಟರುಗಳು! ಮಿರಾಯ್ ಎಂಬ ಕುತಂತ್ರಾಂಶ ಅವುಗಳೊಳಗೆ ಸೇರಿಕೊಂಡಿತ್ತು. ಅದರ ಬಳಿ ಇದ್ದದ್ದು ಕಂಪನಿಗಳೇ ಕೊಟ್ಟುಬಿಟ್ಟ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್‌ಗಳ ಪಟ್ಟಿ: 'ಅಡ್ಮಿನ್-ಅಡ್ಮಿನ್', 'ರೂಟ್-123456', ಹೀಗೆ. ಒಂದೊಂದನ್ನೇ ಹಾಕಿ ನೋಡುವುದು, ತೆರೆದರೆ ಒಳಹೋಗುವುದು. ಮಿರಾಯ್ ಬರೆದವರು ಮೂವರು ಯುವಕರು. ಅದು ಹುಟ್ಟಿದ್ದು ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ಪೈಪೋಟಿಯಲ್ಲಿ. ಸಾಧನವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮಿರಾಯ್ ಅಳಿಸಿಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಬಂದು ಕೂರುತ್ತಿತ್ತು. ತನ್ನ ಕ್ಯಾಮೆರಾ ಹೀಗೆ ದುಡಿಯುತ್ತಿದೆ ಎಂಬುದು ಮಾಲೀಕನ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಚಿತ್ರ ಎಂದಿನಂತೆ ಬರುತ್ತಲೇ ಇರುತ್ತದೆ.

ಇನ್ನು ಪಂಪಿನ ಸ್ಟಾರ್ಟರ್. ಒಳಗೊಂದು ಸಿಮ್ ಇರುತ್ತದೆ, ಕರೆ ಅಥವಾ ಎಸ್ಸೆಮ್ಮೆಸ್ ಹೋದರೆ ಮೋಟಾರು ತಿರುಗುತ್ತದೆ. ಹಲವು ಮಾದರಿಗಳು ಕರೆ ಬಂದ ನಂಬರನ್ನಷ್ಟೇ ನೋಡಿ ಯಜಮಾನನೆಂದು ನಂಬುತ್ತವೆ, ಆದರೆ ಆ ನಂಬರನ್ನು ನಕಲು ಮಾಡಿ ಕರೆ ಮಾಡಲು ಸಾಧ್ಯ. ಎಸ್ಸೆಮ್ಮೆಸ್‌ಗೆ ಕೇಳುವ ಪಾಸ್‌ವರ್ಡ್ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಕೂರಿಸಿದ ದಿನವೇ ಅದನ್ನು ಬದಲಿಸಿ. ಪೆಟ್ಟಿಗೆಯೊಳಗಿನ ಸಿಮ್‌ನ ನಂಬರನ್ನು ಮನೆಯವರ ಹೊರತು ಯಾರಿಗೂ ಹೇಳಬೇಡಿ. ನೀರಿಲ್ಲದಾಗ ತಾನೇ ನಿಲ್ಲುವ ಡ್ರೈ ರನ್ ವ್ಯವಸ್ಥೆ ಇದ್ದರೆ, ರಾತ್ರಿ ಯಾರೇ ಮೋಟಾರು ಹಾಕಿದರೂ ಸುಟ್ಟುಹೋಗುವ ಭಯ ಕಡಿಮೆ.

ಕ್ಯಾಮೆರಾದ ತಳದಲ್ಲಿ ಕ್ಯೂಆರ್ ಕೋಡ್ ಇರುವ ಪುಟ್ಟ ಸ್ಟಿಕ್ಕರ್ ನೋಡಿದ್ದೀರಾ? ಅದರಲ್ಲಿ ಸಾಧನದ ಗುರುತಿನ ಸಂಖ್ಯೆ ಇರುತ್ತದೆ, ಕೆಲವದರಲ್ಲಿ ಪಾಸ್‌ವರ್ಡ್ ಕೂಡ. ಹೊಸ ಕ್ಯಾಮೆರಾದ ಫೋಟೋ ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಅದನ್ನು ಮುಚ್ಚಿ.

ಎಲ್ಲ ಸಾಧನಕ್ಕೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ನಿಷೇಧಿಸಿದೆ. ಸುರಕ್ಷತಾ ಅಪ್‌ಡೇಟ್ ಎಲ್ಲಿಯವರೆಗೆ ಕೊಡುತ್ತೇವೆಂದು ಕಂಪನಿಗಳು ಮೊದಲೇ ಹೇಳಬೇಕು. ನಮ್ಮಲ್ಲೂ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯ. ಬಹಳ ಒಳ್ಳೆಯ ಹೆಜ್ಜೆ. ಆದರೆ ಆಗಲೇ ಗೋಡೆ ಏರಿದ್ದ ಕ್ಯಾಮೆರಾಗಳಿಗೆ ಈ ಪರೀಕ್ಷೆ ಆಗಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ 'ಆರ್' ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಅಸಲಿಯೋ ಅಲ್ಲವೋ ತಿಳಿಯುತ್ತದೆ.

ಟಿವಿಯೂ ನಿಮ್ಮನ್ನು ನೋಡಬಲ್ಲದು! ವಿಜಿಯೊ ಕಂಪನಿಯ 1.1 ಕೋಟಿ ಟಿವಿಗಳು ಮನೆಯವರು ಏನು ನೋಡುತ್ತಾರೆಂಬ ಲೆಕ್ಕವನ್ನು ಕೇಳದೆಯೇ ಕಲೆಹಾಕುತ್ತಿದ್ದವು. 2017ರಲ್ಲಿ ಅದು 22 ಲಕ್ಷ ಡಾಲರ್ ತೆತ್ತಿತು.

ಅದೇ ವರ್ಷ ಜರ್ಮನಿ 'ಕೈಲಾ' ಎಂಬ ಮಾತಾಡುವ ಗೊಂಬೆಯನ್ನು ನಿಷೇಧಿಸಿತು. ಹತ್ತಿರದಲ್ಲಿ ನಿಂತ ಯಾರಾದರೂ ಬ್ಲೂಟೂತ್ ಮೂಲಕ ಮಗುವಿನ ಜೊತೆ ಮಾತಾಡಬಹುದಿತ್ತು.

ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ ಎದೆಯೊಳಗಿನ ಹೃದಯ ಸಾಧನದ ವೈರ್‌ಲೆಸ್ ಸಂಪರ್ಕವನ್ನು 2007ರಲ್ಲೇ ತೆಗೆಸಿದ್ದರು. ಯಾರಾದರೂ ದೂರದಿಂದ ಅದನ್ನು ಕೆಡಿಸಿಯಾರೆಂಬ ಆತಂಕ ವೈದ್ಯರಿಗಿತ್ತು.

ಕೆಟ್ಟ ಸ್ಮಾರ್ಟ್ ಬಲ್ಬನ್ನು ಗುಜರಿಗೆ ಹಾಗೆಯೇ ಎಸೆಯಬೇಡಿ. ಬಿಚ್ಚಿ ನೋಡಿದ ಬಲ್ಬೊಂದರಲ್ಲಿ ಮನೆಯ ವೈಫೈ ಪಾಸ್‌ವರ್ಡ್ ಓದುವಂತೆಯೇ ಉಳಿದಿದ್ದುದನ್ನು ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಸಾಧ್ಯವಾದರೆ ಮೊದಲು ರೀಸೆಟ್ ಮಾಡಿ, ಆಗದಿದ್ದರೆ ವೈಫೈ ಪಾಸ್‌ವರ್ಡನ್ನೇ ಬದಲಿಸಿಬಿಡಿ. ರೌಟರಿನಲ್ಲಿ 'ಗೆಸ್ಟ್' ಸಂಪರ್ಕವಿದ್ದರೆ ಬಲ್ಬು, ಕ್ಯಾಮೆರಾ ಎಲ್ಲ ಅದರಲ್ಲಿರಲಿ, ಬ್ಯಾಂಕ್ ಆ್ಯಪ್ ಇರುವ ಫೋನು ಬೇರೆಯದರಲ್ಲಿ.

ಸೋಂಕು ತಗುಲಿದ ಕಂಪ್ಯೂಟರ್, ಫೋನ್ ಶುಚಿಗೊಳಿಸುವ ಉಚಿತ ತಂತ್ರಾಂಶಗಳು 2017ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಸೈಬರ್ ಸ್ವಚ್ಛತಾ ಕೇಂದ್ರ'ದಲ್ಲಿ ಸಿಗುತ್ತವೆ. ಸೈಬರ್ ವಂಚನೆಯಲ್ಲಿ ಹಣ ಹೋಯಿತೆಂದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕೇರಳಕ್ಕೂ ಕರ್ನಾಟಕಕ್ಕೂ ಇದೇ ನಂಬರು.