ವಾಹನ ಮಾರಾಟವಾದಾಗ ಫಾಸ್ಟ್ಯಾಗ್ ಖಾತೆ ರದ್ದುಪಡಿಸುವ ವಿಧಾನ

ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ ಪಾವತಿಗಾಗಿ 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ಫಾಸ್ಟ್ಯಾಗ್ ಕಡ್ಡಾಯಗೊಳಿಸಲಾಗಿದೆ. ಫಾಸ್ಟ್ಯಾಗ್ ಅನ್ನು ವಾಹನದ ನೋಂದಣಿ ಸಂಖ್ಯೆಗೆ ನೀಡಲಾಗುತ್ತದೆಯಾದರೂ, ಶುಲ್ಕವು ಅದನ್ನು ಪಡೆದವರ ಖಾತೆಯಿಂದ ಕಡಿತವಾಗುತ್ತದೆ. ಆದುದರಿಂದ ವಾಹನದೊಂದಿಗೆ ಫಾಸ್ಟ್ಯಾಗ್ ಅನ್ನು ಹೊಸ ಮಾಲೀಕರಿಗೆ ವರ್ಗಾಯಿಸಲು ಅವಕಾಶವಿರುವುದಿಲ್ಲ.

ಉದಾಹರಣೆಗೆ, ಹನೂರು ತಾಲ್ಲೂಕು ಒಡೆಯರಪಾಳ್ಯದ ಕೃಷಿಕರೊಬ್ಬರು ತಮ್ಮ ಸರಕು ಸಾಗಣೆ ವಾಹನವನ್ನು ಮೈಸೂರಿನವರಿಗೆ ಮಾರಾಟ ಮಾಡಿ, ಫಾಸ್ಟ್ಯಾಗ್ ಖಾತೆಯನ್ನು ಹಾಗೆಯೇ ಬಿಟ್ಟಲ್ಲಿ, ಆ ವಾಹನವು ಗಣಂಗೂರು ಶುಲ್ಕ ವಸೂಲಾತಿ ಕೇಂದ್ರವನ್ನು ದಾಟಿದಾಗಲೆಲ್ಲ ಶುಲ್ಕವು ಒಡೆಯರಪಾಳ್ಯದವರ ಖಾತೆಯಿಂದಲೇ ಕಡಿತವಾಗುತ್ತದೆ.

ಮಾರಾಟಗಾರರು ಅನುಸರಿಸಬೇಕಾದ ಕ್ರಮ

1. ಫಾಸ್ಟ್ಯಾಗ್ ನೀಡಿದ ಬ್ಯಾಂಕ್ ಯಾವುದೆಂದು ಖಚಿತಪಡಿಸಿಕೊಳ್ಳುವುದು. ಬ್ಯಾಂಕಿನ ಹೆಸರು ಫಾಸ್ಟ್ಯಾಗ್ ಮೇಲೆ ಹಾಗೂ ಮೊಬೈಲ್ ಸಂದೇಶಗಳಲ್ಲಿ ಇರುತ್ತದೆ.
2. ಆ ಬ್ಯಾಂಕಿನ ಸಹಾಯವಾಣಿ, ಮೊಬೈಲ್ ಆ್ಯಪ್ ಅಥವಾ ಜಾಲತಾಣದ ಮೂಲಕ ನೋಂದಾಯಿತ ಮೊಬೈಲ್ ಸಂಖ್ಯೆಯಿಂದ ಖಾತೆ ರದ್ದತಿಗೆ ಕೋರಿಕೆ ಸಲ್ಲಿಸಿ, ಕೋರಿಕೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.
3. ಖಾತೆಗೆ ಸ್ವಯಂಚಾಲಿತವಾಗಿ ಹಣ ತುಂಬುವ ಸೌಲಭ್ಯ ಪಡೆದಿದ್ದಲ್ಲಿ ಅದನ್ನೂ ನಿಲ್ಲಿಸುವುದು.
4. ವಾಹನವನ್ನು ಹಸ್ತಾಂತರಿಸುವ ಮುನ್ನ ಗಾಜಿನ ಮೇಲಿನ ಫಾಸ್ಟ್ಯಾಗ್ ಅನ್ನು ತೆಗೆದು ನಾಶಪಡಿಸುವುದು. ಕೇವಲ ತೆಗೆದುಹಾಕಿದ ಮಾತ್ರಕ್ಕೆ ಖಾತೆ ರದ್ದಾಗುವುದಿಲ್ಲ.
5. ಬಾಕಿ ಇದ್ದಲ್ಲಿ ಅದನ್ನು ಕಳೆದು, ಉಳಿದ ಮೊತ್ತ ಹಾಗೂ ಭದ್ರತಾ ಠೇವಣಿಯನ್ನು ಬ್ಯಾಂಕಿನಿಂದ ಹಿಂಪಡೆಯುವುದು.

ಖರೀದಿದಾರರ ಗಮನಕ್ಕೆ

ಒಂದು ವಾಹನಕ್ಕೆ ಒಂದೇ ಫಾಸ್ಟ್ಯಾಗ್ ಇರತಕ್ಕದ್ದು. ಹಿಂದಿನ ಖಾತೆ ರದ್ದಾಗಿರುವುದನ್ನು ಖಚಿತಪಡಿಸಿಕೊಂಡು, ತಮ್ಮ ಹೆಸರಿನಲ್ಲಿ ಹೊಸದಾಗಿ ಪಡೆಯತಕ್ಕದ್ದು. ಚಾಲ್ತಿಯಲ್ಲಿರುವ ಫಾಸ್ಟ್ಯಾಗ್ ಇಲ್ಲದೆ ಯುಪಿಐ ಮೂಲಕ ಪಾವತಿಸುವವರಿಗೆ 1.25 ಪಟ್ಟು ಶುಲ್ಕ ವಿಧಿಸುವ ನಿಯಮವು 2025ರ ನವೆಂಬರ್ 15ರಂದು ಜಾರಿಗೆ ಬಂದಿದೆ.

ನೋಂದಣಿ ವರ್ಗಾವಣೆ ಪ್ರತ್ಯೇಕ

ಫಾಸ್ಟ್ಯಾಗ್ ರದ್ದತಿಯಿಂದ ವಾಹನದ ಮಾಲೀಕತ್ವ ಬದಲಾಗುವುದಿಲ್ಲ. ಮಾಲೀಕತ್ವ ಬದಲಾದ ಮಾತ್ರಕ್ಕೆ ಫಾಸ್ಟ್ಯಾಗ್ ರದ್ದಾಗುವುದೂ ಇಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 50ನೇ ಪ್ರಕರಣದಂತೆ, ರಾಜ್ಯದೊಳಗಿನ ಮಾರಾಟದ ಬಗ್ಗೆ ಮಾರಾಟಗಾರರು 14 ದಿನಗಳೊಳಗೆ ನಮೂನೆ 29ರಲ್ಲಿ, ಖರೀದಿದಾರರು 30 ದಿನಗಳೊಳಗೆ ನಮೂನೆ 30ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಚಾಮರಾಜನಗರ ಜಿಲ್ಲೆಯ ವಾಹನಗಳ ನೋಂದಣಿ ಸಂಕೇತ ಕೆಎ-10 ಆಗಿರುತ್ತದೆ.

ವಾಹನವನ್ನು ಮಾರಿದ್ದರೂ ನೋಂದಣಿ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರೆಂದು, ಅಪಘಾತ ಪರಿಹಾರದ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಫಾಸ್ಟ್ಯಾಗ್ ಮರೆತಲ್ಲಿ ಶುಲ್ಕದ ಹಣ ನಷ್ಟವಾಗುತ್ತದೆ. ನೋಂದಣಿ ವರ್ಗಾವಣೆ ಮರೆತಲ್ಲಿ ಪರಿಹಾರದ ಹೊರೆಯೇ ಬೀಳಬಹುದು. ಆದುದರಿಂದ ವಾಹನ ಹಸ್ತಾಂತರಿಸುವ ದಿನವೇ ಎರಡೂ ಕೆಲಸಗಳನ್ನು ಕೈಗೊಳ್ಳುವುದು ಸೂಕ್ತ.

ಮಾರಾಟದ ನಂತರವೂ ಶುಲ್ಕ ಕಡಿತವಾದಲ್ಲಿ, ಮಾರಾಟ ಪತ್ರದ ಪ್ರತಿಯೊಂದಿಗೆ ಫಾಸ್ಟ್ಯಾಗ್ ನೀಡಿದ ಬ್ಯಾಂಕಿಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ ಸಂಖ್ಯೆ: 1033.