ಕೆರೆಯ ಹೂಳಿನಲ್ಲಿ ಕೈಗಾರಿಕಾ ಕಲ್ಮಷದ ಲೆಕ್ಕ

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ಪದ್ಧತಿ. ಮೇಲಿನ ಹೊಲಗಳಿಂದ ಕೊಚ್ಚಿ ಬಂದ ನಯವಾದ ಮಣ್ಣು ಮತ್ತು ಸಾವಯವ ಅಂಶ ಅದರಲ್ಲಿ ಇರುವುದರಿಂದ, ಮರಳು ಮಿಶ್ರಿತ ಕೆಂಪು ಭೂಮಿಯಲ್ಲಿ ತೇವ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಕೆರೆಗೆ ಬಂದು ಸೇರುವುದು ಮಣ್ಣೊಂದೇ ಅಲ್ಲ. ಪಟ್ಟಣದ ಚರಂಡಿ, ಕಾರ್ಖಾನೆಯ ಕೊಳಚೆ, ಗಾಳಿಯಲ್ಲಿ ತೇಲಿ ಬಂದ ಹೊಗೆಯ ಮಸಿ ಇವೆಲ್ಲವೂ ತಳದಲ್ಲಿ ಕೂಡುತ್ತವೆ. ಯಾವ ಕಾಲದಲ್ಲಿ ಏನು ಬಂದು ಸೇರಿತು ಎಂಬುದನ್ನು ಹೂಳಿನಿಂದಲೇ ತಿಳಿಯಲು ವಿಜ್ಞಾನಿಗಳು ಒಂದು ವಿಧಾನವನ್ನು ಕಂಡುಕೊಂಡಿದ್ದಾರೆ. ಈ ವಿಧಾನದ ತಿಳಿವಳಿಕೆ ಗೋಡು ಹೊಡೆಯುವ ರೈತರಿಗೂ ಉಪಯುಕ್ತ.

ಹೂಳು ದಾಖಲೆಯಾಗುವ ಬಗೆ

ನಿಂತ ನೀರಿನಲ್ಲಿ ಕಣಗಳು ನಿಧಾನವಾಗಿ ತಳಕ್ಕೆ ಇಳಿಯುತ್ತವೆ. ಹಿಂದಿನ ವರ್ಷದ ಹೂಳಿನ ಮೇಲೆ ಈ ವರ್ಷದ ಹೂಳು ಕೂಡುತ್ತದೆ. ಹೀಗೆ ತಳದ ಪದರ ಹಳೆಯದು, ಮೇಲಿನದು ಹೊಸದು. ಸೀಸ, ಪಾದರಸ, ಕ್ಯಾಡ್ಮಿಯಂ, ಸತು ಮುಂತಾದ ಭಾರ ಲೋಹಗಳು ಜೇಡಿ ಮತ್ತು ಸಾವಯವ ಕಣಗಳಿಗೆ ಅಂಟಿಕೊಂಡು ಹೂಳಿನಲ್ಲಿ ಉಳಿಯುತ್ತವೆ. ಸಗಣಿ ಸೊಪ್ಪುಗಳಂತೆ ಇವು ಕೊಳೆತು ಕರಗುವುದಿಲ್ಲ.

ಅಧ್ಯಯನಕ್ಕಾಗಿ ಉದ್ದನೆಯ ಕೊಳವೆಯನ್ನು ನೇರವಾಗಿ ತಳಕ್ಕೆ ಇಳಿಸಿ, ಪದರಗಳು ಕದಡದಂತೆ ಹೂಳನ್ನು ಮೇಲೆತ್ತುತ್ತಾರೆ. ಅದನ್ನು ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತಾರೆ.

ಪದರದ ವಯಸ್ಸು

ನೆಲದಿಂದ ಹೊರಡುವ ರೇಡಾನ್ ಅನಿಲವು ಗಾಳಿಯಲ್ಲಿ ಮಾರ್ಪಾಟು ಹೊಂದಿ ಸೀಸ-210 ಎಂಬ ವಿಕಿರಣಶೀಲ ವಸ್ತುವಾಗಿ ಮಳೆ ಧೂಳಿನೊಡನೆ ಕೆರೆಗೆ ಬೀಳುತ್ತದೆ. ಇದು ಸುಮಾರು 22 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ವರ್ಷ ಒಂದೇ ಸಮನೆ ಬಿದ್ದಿದೆ ಎಂದುಕೊಂಡರೆ, ಮೇಲಿನ ಪದರದಲ್ಲಿ 100 ಪಾಲು ಇರುವಾಗ 25 ಪಾಲು ಮಾತ್ರ ಉಳಿದಿರುವ ಪದರಕ್ಕೆ ಸುಮಾರು 44 ವರ್ಷ ವಯಸ್ಸು. ಈ ಲೆಕ್ಕದಿಂದ 100ರಿಂದ 150 ವರ್ಷಗಳ ಹಿಂದಿನವರೆಗೆ ಹೋಗಬಹುದು. ಇನ್ನೊಂದು ಗುರುತು ಸೀಸಿಯಂ-137. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಈ ವಸ್ತು ಉತ್ತರ ಗೋಳಾರ್ಧದಲ್ಲಿ 1963ರ ಸುಮಾರಿಗೆ ಅತಿ ಹೆಚ್ಚಾಗಿ ಬಿದ್ದಿತು. ಆದುದರಿಂದ ಅದು ಹೆಚ್ಚಾಗಿ ಕಂಡ ಪದರವನ್ನು ಆ ಕಾಲದ್ದೆಂದು ಗುರುತಿಸಬಹುದು.

ಸ್ಕಾಟ್ಲೆಂಡಿನ ಸರೋವರದ ಸಾಕ್ಷ್ಯ

ಈ ವಿಧಾನದಿಂದ ಒಂದು ದೊಡ್ಡ ವಿವಾದ ಹೇಗೆ ತೀರ್ಮಾನವಾಯಿತೆಂಬುದನ್ನು ನೋಡೋಣ. ಸ್ಕಾಟ್ಲೆಂಡಿನ ಗ್ಯಾಲೊವೇ ಪ್ರದೇಶದಲ್ಲಿ ಕಣಶಿಲೆಯ ಗುಡ್ಡಗಳ ನಡುವೆ ಹಲವು ಸರೋವರಗಳಿವೆ. ಅಲ್ಲಿನ ನೀರು ಹುಳಿಯಾಗಿ ಟ್ರೌಟ್ ಮೀನುಗಳು ಕಡಿಮೆಯಾದವು. ಕೆಲವೆಡೆ ಪೂರ್ತಿ ಇಲ್ಲವಾದವು. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರ ಮತ್ತು ಕಾರ್ಖಾನೆಗಳ ಗಂಧಕದ ಹೊಗೆಯೇ ಕಾರಣವೆಂದು ಕೆಲವರು ವಾದಿಸಿದರು. ಗುಡ್ಡಗಳಲ್ಲಿ ಹೊಸದಾಗಿ ಬೆಳೆಸಿದ ಸೂಚಿಪರ್ಣಿ ಮರಗಳೇ ಕಾರಣವೆಂದು ಇತರರು ಹೇಳಿದರು. ಹಿಂದಿನ ನೀರಿನ ಪರೀಕ್ಷೆಯ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ರೋಜರ್ ಫ್ಲವರ್ ಮತ್ತು ರಿಚರ್ಡ್ ಬ್ಯಾಟರ್ಬಿ ಎಂಬ ವಿಜ್ಞಾನಿಗಳು ಹೂಳಿನಲ್ಲಿದ್ದ ಡಯಾಟಂಗಳನ್ನು ಪರೀಕ್ಷಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಡಯಾಟಂ ಎಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಪಾಚಿ. ಅದರ ಗಾಜಿನಂಥ ಕವಚ ಸತ್ತ ಮೇಲೂ ಉಳಿಯುತ್ತದೆ. ಕೆಲವು ಜಾತಿಗಳು ಹುಳಿ ನೀರಿನಲ್ಲಿಯೂ ಕೆಲವು ಸಪ್ಪೆ ನೀರಿನಲ್ಲಿಯೂ ಬೆಳೆಯುವುದರಿಂದ, ಯಾವ ಪದರದಲ್ಲಿ ಯಾವ ಜಾತಿ ಹೆಚ್ಚೆಂದು ಎಣಿಸಿ ಆ ಕಾಲದ ನೀರಿನ ರಸಸಾರವನ್ನು ಅಂದಾಜು ಮಾಡಬಹುದು. ರೌಂಡ್ ಲಾಕ್ ಆಫ್ ಗ್ಲೆನ್‌ಹೆಡ್ ಎಂಬ ಸರೋವರದ ಸುತ್ತ ಮರಗಳನ್ನೇ ನೆಟ್ಟಿರಲಿಲ್ಲ. ಆದರೂ 1850ರ ಸುಮಾರಿನಿಂದ ಅಲ್ಲಿ ಹುಳಿ ಏರುತ್ತಾ ಬಂದು, ಸುಮಾರು 5.5 ಇದ್ದ ರಸಸಾರ 5ಕ್ಕಿಂತ ಕೆಳಗೆ ಇಳಿದಿತ್ತು. ಕೈಗಾರಿಕಾ ಕಾಲದ ಪದರಗಳಲ್ಲಿ ಸೀಸ, ಸತು ಮತ್ತು ಇಂಧನ ಉರಿಸಿದ ಮಸಿಯ ಕಣಗಳೂ ಹೆಚ್ಚಾಗಿದ್ದವು. ಮರಗಳಿಲ್ಲದ ಕಡೆಯೂ ಹುಳಿ ಏರಿದ್ದರಿಂದ ಹೊಗೆಯ ಪಾತ್ರ ಖಚಿತವಾಯಿತು. ಮುಂದೆ ಗಂಧಕದ ಹೊಗೆಯನ್ನು ತಗ್ಗಿಸಿದಂತೆ ಅಲ್ಲಿನ ಸರೋವರಗಳು ಸ್ವಲ್ಪಮಟ್ಟಿಗೆ ಚೇತರಿಸಿಕೊಂಡಿವೆ.

ಸ್ವೀಡನ್ ದೇಶದ ಸರೋವರಗಳ ಹೂಳಿನಲ್ಲಿ 2000 ವರ್ಷಗಳ ಹಿಂದೆ ರೋಮನ್ನರು ಅದಿರು ಕರಗಿಸಿದಾಗ ಹಾರಿಬಂದ ಸೀಸವೂ ಸಿಕ್ಕಿದೆ. ಸೀಸ ಬೆರೆಸಿದ ಪೆಟ್ರೋಲನ್ನು ಕಡಿಮೆ ಮಾಡಿದ ಮೇಲೆ ಹೊಸ ಪದರಗಳಲ್ಲಿ ಸೀಸ ಇಳಿದಿರುವುದೂ ಕಂಡುಬಂದಿದೆ.

ನಮ್ಮ ಕೆರೆಗಳ ಸ್ಥಿತಿ

ನಮ್ಮ ಕೆರೆಗಳಲ್ಲಿ ದಾಖಲೆ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಬೇಸಿಗೆಯಲ್ಲಿ ತಳ ಒಣಗಿ ಬಿರುಕು ಬಿಡುತ್ತದೆ, ದನಗಳು ತುಳಿಯುತ್ತವೆ, ಗೋಡು ತೆಗೆದಾಗ ಪದರಗಳು ಕಲಸಿಹೋಗುತ್ತವೆ. ಆದರೂ ಇತ್ತೀಚಿನ ಕೊಳಕು ಬಹುಮಟ್ಟಿಗೆ ಮೇಲಿನ ಪದರದಲ್ಲಿ, ಅದರಲ್ಲೂ ಕೊಳಚೆ ಬಂದು ಸೇರುವ ಕಡೆ, ಹೆಚ್ಚಾಗಿರುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ದಶಕಗಳ ಕಾಲ ನಗರದ ಕೊಳಚೆ ಹರಿದಿದೆ. ಅವುಗಳ ಹೂಳಿನಲ್ಲಿ ಭಾರ ಲೋಹಗಳು ಕಂಡುಬಂದಿವೆ. ಹೊಲಗಳ ನೀರು ಮಾತ್ರ ಬರುವ ಹಳ್ಳಿಯ ಕೆರೆಗೂ ಇಂಥ ಕೆರೆಗೂ ಬಹಳ ವ್ಯತ್ಯಾಸವಿದೆ.

ಒಮ್ಮೆ ಹೊಲಕ್ಕೆ ಬಿದ್ದ ಭಾರ ಲೋಹವನ್ನು ತೆಗೆಯುವುದು ಬಹು ಕಷ್ಟ. ಕ್ಯಾಡ್ಮಿಯಂ ಸೊಪ್ಪು ತರಕಾರಿಗಳಿಗೆ ಸುಲಭವಾಗಿ ಏರುತ್ತದೆ. ಹುಳಿ ಮಣ್ಣಿನಲ್ಲಿ ಇನ್ನೂ ಹೆಚ್ಚು. ಬೆಳೆ ಹಸಿರಾಗಿ ಚೆನ್ನಾಗಿಯೇ ಕಾಣುವುದರಿಂದ ಕಣ್ಣಿನಿಂದ ಇದನ್ನು ಪತ್ತೆ ಮಾಡಲಾಗದು.

ಗೋಡು ಹೊಡೆಯುವ ಮುನ್ನ

1. ಕೆರೆಗೆ ನೀರು ಎಲ್ಲೆಲ್ಲಿಂದ ಬರುತ್ತದೆಂದು ಹಳ್ಳದ ಗುಂಟ ನಡೆದು ನೋಡಿರಿ. ಕಾರ್ಖಾನೆ, ಲೋಹಕ್ಕೆ ಮುಲಾಮು ಹಾಕುವ ಘಟಕ, ಚರ್ಮ ಹದ ಮಾಡುವ ಕೇಂದ್ರ, ಪಟ್ಟಣದ ಚರಂಡಿ ಇದ್ದರೆ ಪರೀಕ್ಷೆ ಮಾಡಿಸದೆ ಗೋಡನ್ನು ಮುಟ್ಟಬೇಡಿರಿ. ಯಾವ ವರ್ಷದಿಂದ ಕೊಳಚೆ ಬರುತ್ತಿದೆ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ.

2. ಕೊಳಚೆ ಸೇರುವ ಕಡೆ, ಕೆರೆಯ ನಡುಭಾಗ, ತೂಬಿನ ಹತ್ತಿರ ಹೀಗೆ ಹಲವು ಕಡೆ ಗುಂಡಿ ತೆಗೆಯಿರಿ. ಮೇಲಿನ ಒಂದು ಅಡಿ, ಅದರ ಕೆಳಗಿನ ಒಂದು ಅಡಿ, ತೀರ ತಳದ ಮಣ್ಣು ಇವುಗಳ ಮಾದರಿಯನ್ನು ಬೆರೆಸದೆ ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಚೀಟಿ ಹಾಕಿರಿ.

3. ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸಾಮಾನ್ಯ ಪರೀಕ್ಷೆಯಲ್ಲಿ ಭಾರ ಲೋಹಗಳು ತಿಳಿಯುವುದಿಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್‌ಗಳ ಪರೀಕ್ಷೆ ಬೇಕೆಂದು ಸ್ಪಷ್ಟವಾಗಿ ಕೇಳಿರಿ. ಈ ಪರೀಕ್ಷೆ ಎಲ್ಲಿ ಆಗುತ್ತದೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

4. ಮೇಲಿನ ಪದರವನ್ನು ತಳದ ಮಣ್ಣಿನೊಡನೆ ಹೋಲಿಸಿರಿ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸುತ್ತಮುತ್ತ ಕ್ರೋಮಿಯಂ ಅದಿರು ಇರುವಂತೆ, ಕೆಲವೆಡೆ ಲೋಹ ನೆಲದಲ್ಲಿಯೇ ಸಹಜವಾಗಿರುತ್ತದೆ. ತಳದಲ್ಲಿ ಕಡಿಮೆಯಿದ್ದು ಮೇಲೆ ಮಾತ್ರ ಬಹಳ ಹೆಚ್ಚಿದ್ದರೆ ಅದು ಹೊರಗಿನಿಂದ ಬಂದದ್ದೆಂದು ತಿಳಿಯಬಹುದು.

5. ಲೋಹದ ಅಂಶ ಮಿತಿ ಮೀರಿದ ಗೋಡನ್ನು ಹೊಲ, ತೋಟ, ಹಿತ್ತಿಲು ಯಾವುದಕ್ಕೂ ಹಾಕಬಾರದು. ಪರೀಕ್ಷೆಯ ವರದಿಯನ್ನು ಗ್ರಾಮ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರಹದಲ್ಲಿ ಕೊಡಿರಿ. ಕೊಳಚೆಯ ಮೂಲವನ್ನು ತಡೆಯುವಂತೆ ಕೇಳಲು ಈ ವರದಿ ಊರಿನವರಿಗೆ ಆಧಾರವಾಗುತ್ತದೆ.