ನಾದದ ಪಾಕಸೂತ್ರ: ವಾದ್ಯದಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ವಾದ್ಯಕ್ಕೆ

ಹಗಲೆಲ್ಲ ಗಲ್ಲಾಪೆಟ್ಟಿಗೆಯ ಮುಂದೆಯೋ ಕಚೇರಿಯ ಕಡತಗಳ ನಡುವೆಯೋ ದುಡಿದು, ಸಂಜೆಯಾಗುತ್ತಲೇ ಗಣೇಶೋತ್ಸವದ ಇಲ್ಲವೆ ಸಂಘದ ವಾರ್ಷಿಕೋತ್ಸವದ ವೇದಿಕೆಯೇರಿ ಕೀಬೋರ್ಡು ನುಡಿಸುವ ತರುಣರು ನಮ್ಮ ವಾಚಕರಲ್ಲಿ ಹಲವರಿದ್ದಾರೆ. ಹೊಸ ವಾದ್ಯಕ್ಕೆ ಹಣ ಕೂಡಿಸಲಾರದೆ, ಯಾರೋ ಬಳಸಿ ಮಾರಿದ ಹಳೆಯ ಸಿಂಥಸೈಜರನ್ನು ಕೊಂಡವರೂ ಅವರಲ್ಲುಂಟು. ಅಂತಹ ವಾದ್ಯದ ಒಡಲಲ್ಲಿ ಹಿಂದಿನ ಒಡೆಯನು ಎಷ್ಟೋ ರಾತ್ರಿ ಕುಳಿತು ರೂಪಿಸಿದ ನಾದಗಳು ಅಡಗಿರಬಹುದು. ಅವು ಒಂದು ದಿನ ಹೇಳದೆ ಕೇಳದೆ ಅಳಿದುಹೋಗುವ ಸಂಭವವೂ ಇರುವುದು. ಅವನ್ನು ಹೊರತೆಗೆದು ಕಂಪ್ಯೂಟರಿನಲ್ಲಿ ಕಾಪಿಡುವುದು ಹೇಗೆ, ಬೇಕಾದಾಗ ಮರಳಿ ವಾದ್ಯಕ್ಕೆ ತುಂಬುವುದು ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ನಾವು ಭಾವಿಸಿದೆವು.

ಸಿಂಥಸೈಜರಿನ ಒಂದೊಂದು ನಾದಕ್ಕೂ ಪ್ಯಾಚ್ ಎಂಬ ಹೆಸರು ಬಂದುದೇಕೆ? 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಎಂಬವರು ನಿರ್ಮಿಸತೊಡಗಿದ ಯಂತ್ರಗಳಲ್ಲಿ ಒಂದು ಭಾಗವನ್ನು ಇನ್ನೊಂದಕ್ಕೆ ತಂತಿಯಿಂದ ಜೋಡಿಸಿದ ಹೊರತು ನಾದವೇ ಹೊರಡುತ್ತಿರಲಿಲ್ಲ. ಆ ಜೋಡಣೆಗೇ ಪ್ಯಾಚ್ ಎಂದು ಹೆಸರು. ತಂತಿ ಕಿತ್ತರೆ ನಾದ ಹೋಯಿತು. ಮರುದಿನವೂ ಅದೇ ನಾದ ಬೇಕೆಂದರೆ ಯಾವ ತಂತಿ ಎಲ್ಲಿತ್ತು, ಯಾವ ಗುಬ್ಬಿ ಎಷ್ಟು ತಿರುಗಿತ್ತು ಎಂಬುದನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳಬೇಕಾಗಿತ್ತು. 1978ರ ಪ್ರಾಫೆಟ್-5 ಎಂಬ ವಾದ್ಯವು 40 ಪ್ಯಾಚುಗಳನ್ನು ತನ್ನ ನೆನಪಿನಲ್ಲಿಟ್ಟುಕೊಂಡು, ಗುಂಡಿಯೊತ್ತಿದೊಡನೆ ಮರಳಿ ಕೊಡುವಂತಾದುದು ಒಂದು ದೊಡ್ಡ ಹೆಜ್ಜೆ. ನಮ್ಮ ಮುಂಬಯಿಯಲ್ಲಿಯೇ ಚರಣಜಿತ್ ಸಿಂಗರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಹೊಂದಿಸಿ ಧ್ವನಿಮುದ್ರಿಸಿದಾಗ ಬಳಸಿದ ಜ್ಯೂಪಿಟರ್-8ರಲ್ಲಿ 64 ಪ್ಯಾಚುಗಳಿಗೆ ಸ್ಥಳವಿತ್ತು. ಹೆಚ್ಚಿನವನ್ನು ಇಡಬೇಕಾದರೆ ಸಾಧಾರಣ ಕ್ಯಾಸೆಟ್ಟಿಗೆ ಕಿರುಗುಟ್ಟುವ ಸದ್ದಿನ ರೂಪದಲ್ಲಿ ತುಂಬಬೇಕಾಗಿತ್ತು. ಟೇಪು ಹಿಗ್ಗಿದರೆ ಪ್ಯಾಚಿಗೂ ಮಂಗಳ!

ಮರುವರ್ಷವೇ ಪರಿಸ್ಥಿತಿ ಬದಲಾಯಿತು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾದ್ಯವ್ಯಾಪಾರಿಗಳ ಮೇಳದಲ್ಲಿ ಅಮೆರಿಕದ ಸೀಕ್ವೆನ್ಶಿಯಲ್ ಸಂಸ್ಥೆಯ ವಾದ್ಯವೊಂದನ್ನೂ ಜಪಾನಿನ ರೋಲ್ಯಾಂಡ್ ಸಂಸ್ಥೆಯ ವಾದ್ಯವೊಂದನ್ನೂ ಒಂದು ಕೇಬಲಿನಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವಂತೆ ಮಾಡಿ ತೋರಿಸಲಾಯಿತು. ಇದೇ ಮಿಡಿ ಎಂಬ ಒಡಂಬಡಿಕೆ. ಎದುರುಬದುರು ಹೋಟೆಲಿಟ್ಟ ಇಬ್ಬರು ಕಾಫಿ ಲೋಟದ ಅಳತೆಯನ್ನು ಕುರಿತು ಒಮ್ಮತಕ್ಕೆ ಬರುವುದೇ ಎಷ್ಟು ದುಸ್ತರವೆಂಬುದನ್ನು ಕಂಡಿರುವ ನಮಗೆ, ಪೈಪೋಟಿಗಾರರಾದ ಇವರು ಕೂಡಿ ಒಂದು ಭಾಷೆಯನ್ನು ಗೊತ್ತುಮಾಡಿ ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲು ಬಿಟ್ಟುದು ಯಂತ್ರಕ್ಕಿಂತಲೂ ಹೆಚ್ಚಿನ ಸೋಜಿಗವಾಗಿ ತೋರುತ್ತದೆ. ಇದಕ್ಕಾಗಿ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಇವರಿಗೆ 2013ರಲ್ಲಿ ಗ್ರ್ಯಾಮಿ ಗೌರವ ಸಂದಿತು.

ಆದರೆ ಸ್ವರವೆಲ್ಲರಿಗೂ ಸಾಮಾನ್ಯ, ಪ್ಯಾಚು ಹಾಗಲ್ಲ. ಒಬ್ಬರ ಯಂತ್ರದ ಒಳರಚನೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಆದುದರಿಂದ ಮಿಡಿಯ ಭಾಷೆಯಲ್ಲಿಯೇ ಸಿಸ್ಟಂ ಎಕ್ಸ್‌ಕ್ಲೂಸಿವ್, ಚಿಕ್ಕದಾಗಿ ಸಿಸೆಕ್ಸ್, ಎಂಬ ಮುಚ್ಚಿದ ಲಕೋಟೆಯೊಂದನ್ನು ಏರ್ಪಡಿಸಿದರು. ಅದು 240 ಎಂಬ ಅಂಕದಿಂದ ಮೊದಲಾಗಿ 247ರಲ್ಲಿ ಮುಗಿಯುವುದು. ಮೊದಲ ಅಂಕದ ಬೆನ್ನಿಗೇ ತಯಾರಕರ ಗುರುತು: ರೋಲ್ಯಾಂಡ್ ಆದರೆ 65, ಕಾರ್ಗ್ ಆದರೆ 66, ಯಮಾಹ ಆದರೆ 67. ತನ್ನ ವಿಳಾಸವಲ್ಲದ ಲಕೋಟೆಯನ್ನು ವಾದ್ಯವು ಒಡೆಯದೆ ಬಿಡುವುದು.

1983ರಲ್ಲಿಯೇ ಹೊರಬಂದ ಯಮಾಹ ಡಿಎಕ್ಸ್7ನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಎಂಬವರು 1967ರಲ್ಲಿ ಕಂಡುಹಿಡಿದ ವಿಧಾನವೇ ಅದರ ಜೀವಾಳ. ಆರು ನಾದಮೂಲಗಳು, ಅವುಗಳನ್ನು ಹೆಣೆಯಲು 32 ಬಗೆಗಳು. ಒಂದು ಪ್ಯಾಚೆಂದರೆ 145 ಅಂಕಗಳು ಮತ್ತು ಹತ್ತಕ್ಷರದ ಒಂದು ಹೆಸರು, ಅಷ್ಟೇ. ಅದರಲ್ಲಿ ಸದ್ದು ಇಲ್ಲವೇ ಇಲ್ಲ! ಈ ಮಾತನ್ನು ನಮ್ಮ ವಾಚಕರು ಗಟ್ಟಿಯಾಗಿ ಹಿಡಿಯಬೇಕು. ಕೇಬಲಿನಲ್ಲಿ ಹರಿಯುವುದು ಸಾಂಬಾರಲ್ಲ, ಸಾಂಬಾರಿನ ಅಳತೆಚೀಟಿ. ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು, ಎಷ್ಟು ಹೊತ್ತು ಹುರಿಯಬೇಕು ಎಂದು ಬರೆದ ಚೀಟಿಯನ್ನು ಅದೇ ಪಾತ್ರೆ ಅದೇ ಒಲೆಯಿರುವ ಅಡಿಗೆಮನೆಗೆ ಕಳುಹಿಸಿದರೆ ಅದೇ ರುಚಿ ಬಂದೀತು. ಯಮಾಹದವರದೇ ಡಿಎಕ್ಸ್21, ಡಿಎಕ್ಸ್100 ಮೊದಲಾದವುಗಳಲ್ಲಿ ನಾದಮೂಲ ನಾಲ್ಕೇ ಆದುದರಿಂದ ಡಿಎಕ್ಸ್7ರ ಚೀಟಿ ಅಲ್ಲಿ ನಡೆಯದು. ಮನೆತನ ಒಂದೇ ಎಂದು ನಂಬಿ ಕೊಂಡು ಹಣ ಕಳೆದುಕೊಳ್ಳಬಾರದು.

ಕಳುಹಿಸುವ ಕ್ರಮವು ಗುಮಾಸ್ತ ಬಂಧುಗಳಿಗೆ ಮೆಚ್ಚುಗೆಯಾಗುವಂತಹುದು. ಡಿಎಕ್ಸ್7ರ ನೆನಪಿನಲ್ಲಿರುವ 32 ಪ್ಯಾಚುಗಳನ್ನೂ ಒಂದೇ ಕಂತೆಯಾಗಿ ಕಳುಹಿಸಬಹುದು. ಒಂದೊಂದನ್ನೂ 128 ಅಂಕಗಳಿಗೆ ಅಡಕಮಾಡಿದರೆ ಒಟ್ಟು 4,096. ಮುಂದೆ ವಿಳಾಸದ 6, ಹಿಂದೆ 2, ಅಂತೂ 4,104. ಮಿಡಿ ಕೇಬಲಿನಲ್ಲಿ ಸೆಕೆಂಡಿಗೆ 3,125 ಅಂಕಗಳು ಸಾಗುವುವು. ಎಸ್.ಎಸ್.ಎಲ್.ಸಿ.ಯ ಲೆಕ್ಕ ಬಲ್ಲವರು ಭಾಗಿಸಿ ನೋಡಲಿ: ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು. ಕೊನೆಯ ಎರಡು ಅಂಕಗಳಲ್ಲಿ ಮೊದಲನೆಯದು ತಾಳೆಯ ಅಂಕ. 4,096 ಅಂಕಗಳ ಮೊತ್ತಕ್ಕೆ ಅದನ್ನು ಕೂಡಿಸಿದರೆ 128ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆಯೆಂದು ತಿಳಿಯಬೇಕು. ರಾತ್ರಿ ಗಲ್ಲಾ ಎಣಿಸುವಾಗ ಚೀಟಿಯ ಮೊತ್ತಕ್ಕೂ ನಗದಿಗೂ ತಾಳೆ ನೋಡುವುದಕ್ಕೂ ಇದಕ್ಕೂ ಏನು ಭೇದ?

ಈಗ ಕಾರ್ಯಕ್ರಮಕ್ಕೆ ಬರೋಣ. ಇಂದಿನ ಕಂಪ್ಯೂಟರುಗಳಲ್ಲಿ ಐದು ಮುಳ್ಳಿನ ಮಿಡಿ ರಂಧ್ರವಿರುವುದಿಲ್ಲ. ಯುಎಸ್‌ಬಿಗೆ ಸೇರುವ ಜೋಡಕವೊಂದು ಬೇಕು. ಇಲ್ಲಿ ಜಿಪುಣತನ ಸಲ್ಲದು. ಬಹಳ ಅಗ್ಗದ ಕೆಲವು ಜೋಡಕಗಳು ಸ್ವರಗಳನ್ನು ಸರಿಯಾಗಿಯೇ ಸಾಗಿಸುವುವು, ಆದರೆ 4,104 ಅಂಕಗಳ ಉದ್ದನೆಯ ಕಂತೆ ಬಂದೊಡನೆ ನಡುನಡುವೆ ನುಂಗಿಬಿಡುವುವು. ಬಂದ ಫೈಲಿನ ಅಳತೆ 4,104 ಇಲ್ಲದಿದ್ದರೆ ತಪ್ಪು ವಾದ್ಯದ್ದೆನ್ನುವ ಮೊದಲು ಜೋಡಕವನ್ನು ಶಂಕಿಸತಕ್ಕದ್ದು. ವಾದ್ಯದ ಔಟ್ ಎಂಬ ರಂಧ್ರದ ಕೇಬಲು ಜೋಡಕದ ಇನ್‌ಗೆ ಹೋಗಬೇಕು. ಔಟ್‌ಗೆ ಔಟ್ ಸೇರಿಸಿ ಅರ್ಧ ದಿನ ತಲೆ ಚಚ್ಚಿಕೊಂಡವರು ಅಸಂಖ್ಯ. ಕಂಪ್ಯೂಟರಿನಲ್ಲಿ ಕಂತೆಯನ್ನು ಹಿಡಿಯಲು ವಿಂಡೋಸಿಗೆ ಮಿಡಿ-ಆಕ್ಸ್, ಆಪಲ್ ಮ್ಯಾಕಿಗೆ ಸಿಸೆಕ್ಸ್ ಲೈಬ್ರೇರಿಯನ್ ಎಂಬ ತಂತ್ರಾಂಶಗಳಿವೆ. ವಾದ್ಯದಲ್ಲಿ ಸಿಸ್ಟಂ ಮಾಹಿತಿಯ ಬಾಗಿಲನ್ನು ತೆರೆದಿಡಬೇಕು. ಇಲ್ಲವಾದರೆ ಅದು ಕಳುಹಿಸುವುದೂ ಇಲ್ಲ, ಸ್ವೀಕರಿಸುವುದೂ ಇಲ್ಲ.

ಮರಳಿ ತುಂಬುವಾಗ ಇನ್ನೂ ಎರಡು ಎಚ್ಚರಿಕೆಗಳುಂಟು. ನೆನಪಿನ ರಕ್ಷಣೆಯ ಬೀಗವನ್ನು ಮೊದಲು ತೆಗೆಯಬೇಕು. ಬೀಗ ತೆಗೆದ ಮೇಲೆ ಹೊಸ ಕಂತೆ ಒಳಬಂದಿತೆಂದರೆ ಹಳೆಯ 32 ಪ್ಯಾಚುಗಳೂ ಅಳಿಸಿಹೋದಂತೆಯೇ. ವಾದ್ಯವು ಮತ್ತೊಮ್ಮೆ ಕೇಳುವುದಿಲ್ಲ. ಹಿಂದಿನ ಒಡೆಯನ ರಾತ್ರಿಗಳೆಲ್ಲ ಒಂದೂಕಾಲು ಸೆಕೆಂಡಿನಲ್ಲಿ ಮಣ್ಣುಪಾಲಾಗುವುದು ಹೀಗೆ. ಆದುದರಿಂದ ಹೊಸದನ್ನು ತರುವ ಮೊದಲು ಒಳಗಿರುವುದನ್ನು ಹೊರಗೆ ಕಳುಹಿಸಲೇಬೇಕು. ಇದಲ್ಲದೆ ಸ್ವರ ಬಾಗಿಸುವ ಚಕ್ರವು ಎಷ್ಟು ಬಾಗಿಸಬೇಕು ಎಂಬಂತಹ ಕೆಲವು ಹೊಂದಾಣಿಕೆಗಳು ಮೊದಲ ಡಿಎಕ್ಸ್7ರಲ್ಲಿ ಪ್ಯಾಚಿನೊಡನೆ ಸಾಗುವುದಿಲ್ಲ. ಅವನ್ನು ಹಿಂದಿನ ಕಾಲದವರಂತೆ ಕಾಗದದಲ್ಲಿಯೇ ಬರೆದಿಟ್ಟುಕೊಳ್ಳತಕ್ಕದ್ದು.

ಇನ್ನು ಬ್ಯಾಟರಿಯ ವಿಚಾರ. ವಿದ್ಯುತ್ತು ಇಲ್ಲದಾಗ ಈ ಪ್ಯಾಚುಗಳನ್ನು ಉಳಿಸುವುದು ಒಳಗೆ ಬೆಸೆದಿರುವ, ನಾಣ್ಯದಷ್ಟಗಲದ, 3 ವೋಲ್ಟಿನ ಒಂದು ಬಿಲ್ಲೆ. ಅದು ಸತ್ತರೆ ಅಥವಾ ರಿಪೇರಿಯವನು ಅದನ್ನು ಕಿತ್ತರೆ ನೆನಪೆಲ್ಲ ಹೋಗುವುದು. ಕಾರ್ಖಾನೆಯ ಮೂಲ ನಾದಗಳು ಇಂದಿಗೂ ಫೈಲುಗಳಾಗಿ ಧಾರಾಳವಾಗಿ ಸಿಕ್ಕುವುವು. ಅವುಗಳಿಗೆ ಅಳಬೇಕಾಗಿಲ್ಲ. ಆದರೆ ಒಬ್ಬನು ತಾನೇ ತಿದ್ದಿ ತೀಡಿದ ವೀಣೆಯ ಛಾಯೆಯೋ ಶಹನಾಯಿಯ ಛಾಯೆಯೋ ಇದ್ದರೆ ಅದರ ಪ್ರತಿ ಜಗತ್ತಿನಲ್ಲಿ ಮತ್ತೆಲ್ಲಿಯೂ ಇರುವುದಿಲ್ಲ.

ಪ್ರತಿ ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಲು ವಾದ್ಯವೇ ಬೇಕೆಂದಿಲ್ಲ. ಡೆಕ್ಸ್‌ಡ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದು. ಅದು ಕಂಪ್ಯೂಟರಿನೊಳಗೆ ಡಿಎಕ್ಸ್7ರಂತೆಯೇ ವರ್ತಿಸುವುದಲ್ಲದೆ, ಅದೇ ಫೈಲನ್ನು ಓದಿ 32 ಹೆಸರುಗಳನ್ನೂ ಪಟ್ಟಿಮಾಡಿ ತೋರಿಸುವುದು. ವಾದ್ಯವನ್ನು ಮಾರಲೇಬೇಕಾಗಿ ಬಂದ ಬಡ ಕಲಾವಿದನೂ ತನ್ನ ನಾದಗಳನ್ನು ಅದರಲ್ಲಿ ನುಡಿಸಬಹುದು. ಸೂಕ್ಷ್ಮ ಕಿವಿಯುಳ್ಳವರು ಎರಡಕ್ಕೂ ಅಲ್ಪ ಭೇದವುಂಟೆನ್ನುತ್ತಾರೆ. ಆರ್ಕೆಸ್ಟ್ರಾದ ಗದ್ದಲದಲ್ಲಿ ಅದನ್ನು ಗುರುತಿಸಬಲ್ಲವರನ್ನು ನಾವಂತೂ ಕಂಡಿಲ್ಲ. ಆ ಪಟ್ಟಿಯಲ್ಲಿ ಹೆಸರುಗಳು ನೆಟ್ಟಗೆ ಮೂಡಿ, ಒಂದೆರಡು ನಾದಗಳನ್ನು ನುಡಿಸಿ ಕೇಳಿದ ಮೇಲೆಯೇ ವಾದ್ಯವನ್ನು ಬ್ಯಾಟರಿ ಬದಲಾವಣೆಗೆ ಒಯ್ಯತಕ್ಕದ್ದು. ಫೈಲಿನ ಇನ್ನೊಂದು ಪ್ರತಿಯು ಬೇರೆ ಯಾವುದಾದರೂ ಪೆನ್‌ಡ್ರೈವಿನಲ್ಲಿ, ಬೇರೆಯವರ ಮನೆಯಲ್ಲಿ, ಇರಲಿ.